ಬೆರಳಿಗೆ ಕಟ್ಟಿದ ಎಳೆ

ತಟ್ಟೆಯ ಅಂಚಿಗೆ ಒಂದು ಪುಕ್ಕ ಅಂಟಿಕೊಂಡಿದೆ, ಕಂದು, ಬುಡದಲ್ಲಿ ಬಿಳಿ, ಉಜ್ಜಿದರೂ ಹೋಗುತ್ತಿಲ್ಲ, ಗಾಳಿಗೆ ಅಂಗಳದಿಂದ ಇಲ್ಲಿಯವರೆಗೆ ಹಾರಿ ಬಂದಿರಬೇಕು, ಬೆಳಿಗ್ಗೆ ಅಷ್ಟು ಗುಡಿಸಿದರೂ ಮೂಲೆಮೂಲೆಯಲ್ಲಿ ಇನ್ನೂ ಇವೆ — ಭಾನುವಾರವೆಂದರೆ ವಾರದ ಕೆಲಸವೆಲ್ಲ ಬಂದು ತಲೆಯ ಮೇಲೆ ಕೂರುವ ದಿನ, ನೆನೆಹಾಕಿದ ಬಟ್ಟೆ ಕಾಯುತ್ತಿದೆ, ಕೋಳಿಗೂಡು ತೊಳೆಯಬೇಕು, ದಡದಲ್ಲಿ ದೋಣಿ ರಿಪೇರಿಗೆ ಕೂತ ಇವರಿಗೆ ಊಟ ಕೊಟ್ಟು ಬಂದದ್ದಾಯಿತು, ಬಂದಾಗಿನಿಂದ ಇದೊಂದೇ ತಟ್ಟೆಯನ್ನು ಉಜ್ಜುತ್ತಿದ್ದೇನೆ. ಕಿಟಕಿಯಾಚೆ ಅತ್ತೆ ಮತ್ತೆ ಗೂಡಿನ ಹತ್ತಿರ ಹೋದರು. ಬಾಗಿಲನ್ನು ತಳ್ಳಿ ನೋಡುತ್ತಾರೆ, ಎಳೆದು ನೋಡುತ್ತಾರೆ, ಬೆರಳಿನ ಎಳೆಯನ್ನು ನೋಡಿಕೊಳ್ಳುತ್ತಾರೆ, ಬಂದು ಕಟ್ಟೆಯ ಮೇಲೆ ಕೂರುತ್ತಾರೆ, ಕೂತವರು ಮತ್ತೆ ಏಳುತ್ತಾರೆ. ಆ ಎಳೆ, ದೋಣಿಯ ಹಲಗೆಗಳ ಸಂದಿಗೆ ತುರುಕುವ ಹತ್ತಿಯ ಹುರಿಯಿಂದ ಕಿತ್ತದ್ದು, ತೋರುಬೆರಳಿಗೆ ಸುತ್ತಿ ಹಲ್ಲಿನಿಂದ ಗಂಟು ಬಿಗಿದಿದ್ದಾರೆ, ಬೆರಳ ತುದಿ ಆಗಲೇ ನೇರಳೆ ಬಣ್ಣಕ್ಕೆ ತಿರುಗಿದೆ. ಇದೇನತ್ತೆ ಅಂದರೆ, ಬಾಗಿಲು ಮರೀಬಾರದಲ್ಲಮ್ಮ, ನನ್ನ ತಲೆ ಅವನ ದೋಣಿಗಿಂತ ಜಾಸ್ತಿ ಸೋರ್ತಿದೆ, ನನಗೂ ಒಂದೆಳೆ ತುರುಕಬೇಕು, ಅಂತ ನಕ್ಕರು. ನಾನೂ ನಕ್ಕೆ. ಆಗ ನನಗೆ ಇನ್ನೂ ಗೊತ್ತಿರಲಿಲ್ಲ.

ಬೆಳಿಗ್ಗೆ ಗೂಡಿನ ಬಾಗಿಲು ಹಾರುಹೊಡೆದಿತ್ತು. ಒಳಗೆ ರಕ್ತ, ಹೊರಗೆ ಪುಕ್ಕ, ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದ ಉಳಿದ ಕೋಳಿಗಳು, ಗಿಡ್ಡಿ ಮಾತ್ರ ಇಲ್ಲ — ಗಿಡ್ಡಿ ಅತ್ತೆಯ ಕಾಲುಕಾಲಿಗೆ ಸಿಕ್ಕಿಕೊಂಡು ಅಡುಗೆಮನೆಯವರೆಗೂ ಬರುತ್ತಿದ್ದ ಹೇಂಟೆ, ಎರಡನೇ ಸೊಸೆ ಅಂತ ನಾನೇ ಹಾಸ್ಯ ಮಾಡುತ್ತಿದ್ದೆ. ಸಂಜೆ ಗೂಡು ಮುಚ್ಚುವುದು ಅತ್ತೆಯ ಕೆಲಸ. ಹೋದ ತಿಂಗಳು ಒಲೆ ಆರಿಸಲು ಮರೆತಿದ್ದರು, ಮೊನ್ನೆ ಒಂದೇ ಮಾತನ್ನು ಎರಡು ಸಲ ಕೇಳಿದ್ದರು, ಹಾಗಾಗಿ ಬೈಗುಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಮೊಟ್ಟೆಗೆ ಬಂದಿದ್ದ ಪಕ್ಕದ ಮನೆಯ ದರ್ಜಿಯ ಎದುರಿಗೇ ಅಂದೆ, ನಿಮ್ಮನ್ನ ನಂಬಿ ಇನ್ನು ಒಂದು ಬಾಗಿಲೂ ಬಿಡೋಹಾಗಿಲ್ಲ ಅತ್ತೆ, ನಾಳೆ ಮನೆಗೇ ಬೆಂಕಿ ಹಚ್ಚಿ ಮರೆತುಬಿಡ್ತೀರಿ. ದರ್ಜಿ ನೆಲ ನೋಡಿದಳು. ಅತ್ತೆ, ಹಾಕಿದ್ದೆ ಅನ್ಸುತ್ತಮ್ಮ, ಅಂದರು, ಆಮೇಲೆ, ಹಾಕಿರಲಿಲ್ಲವೇನೋ, ಅಂದರು, ಆಮೇಲೆ ಹುಲ್ಲಿನಲ್ಲಿ ಮೊಣಕಾಲೂರಿ ಚಿಲಕದ ಗೂಟ ಹುಡುಕತೊಡಗಿದರು, ಎಲ್ಲಿಟ್ಟೆನೋ ಅದೂ ನೆನಪಿಲ್ಲ, ಅನ್ನುತ್ತ ಹುಲ್ಲನ್ನು ತಲೆಗೂದಲಿನ ಹಾಗೆ ಬಿಡಿಸಿ ಬಿಡಿಸಿ. ನಾನು ಪೊರಕೆ ಹಿಡಿದು ನಿಂತು ನೋಡಿದೆ.

ಮಧ್ಯಾಹ್ನ ದಡದಲ್ಲಿ ಬೋರಲು ಹಾಕಿದ ದೋಣಿಯ ಹೊಟ್ಟೆಗೆ ಡಾಂಬರು ಬಳಿಯುತ್ತ ಇವರು — ನಸುಕಿನಲ್ಲೇ ಹೋದವರಿಗೆ ಮನೆಯ ರಂಪ ಏನು ಗೊತ್ತು — ತಳದ ತೂತಿನ ಹತ್ತಿರ ಬೆರಳಿಂದ ತಟ್ಟಿ, ನೋಡೇ, ನೀನು ಕೊಟ್ಟ ಗೂಟ ಹೇಳಿ ಮಾಡಿಸಿದ ಹಾಗೆ ಕೂತಿದೆ, ಅಂದರು. ಗೂಟ. ಕಪ್ಪಗೆ ಮಿರುಗುತ್ತಿತ್ತು. ನಿನ್ನೆ ಸಂಜೆ, ಅತ್ತೆ ಗೂಡು ಮುಚ್ಚಿದ ಮೇಲೆ, ಹೌದು, ಮುಚ್ಚಿದ ಮೇಲೆ, ಮೊಟ್ಟೆಗೆಂದು ನಾನು ಮತ್ತೆ ಹೋಗಿದ್ದೆ, ಗೂಟ ಬಿಗಿಯಾಗಿತ್ತು, ಎರಡು ಕೈ ಹಾಕಿ ಕಿತ್ತಿದ್ದೆ, ಇವರು ಅಂಗಳದಿಂದ, ದೋಣಿಯ ತೂತಿಗೆ ಬಿರಡೆ ಬೇಕು ಏನಾದ್ರೂ ಕೊಡೇ ಅಂತ ಕೂಗಿದರು, ಕೈಯಲ್ಲಿದ್ದುದನ್ನೇ ಎಸೆದೆ, ಬಾಗಿಲಿಗೆ ಒಂದು ಕಡ್ಡಿ ಸಿಕ್ಕಿಸಿದರಾಯಿತು ಅಂದುಕೊಳ್ಳುವಷ್ಟರಲ್ಲಿ ಹಾಲು ಉಕ್ಕಿ ಸೀದ ವಾಸನೆ, ಓಡಿದೆ. ಹಾಲನ್ನೂ ಮರೆತಿದ್ದೆ, ಬಾಗಿಲನ್ನೂ ಮರೆತೆ, ನನ್ನ ತಲೆ ಸೋರುತ್ತಿದೆ ಅಂತ ಯಾರೂ ಅನ್ನಲಿಲ್ಲ, ನನ್ನ ಮರೆವಿಗೆ ಕೆಲಸದ ಗಡಿಬಿಡಿ ಅಂತ ಹೆಸರು.

ತಟ್ಟೆ ಕೆಳಗಿಟ್ಟೆ. ಒದ್ದೆ ಕೈಯಲ್ಲೇ ಕಟ್ಟೆಯ ಹತ್ತಿರ ಹೋಗುತ್ತಿದ್ದೇನೆ, ದರ್ಜಿಗೂ ಹೇಳಬೇಕು, ಮೊದಲು ಇಲ್ಲಿ — ಅತ್ತೆ, ನೀವು ಬಾಗಿಲು ಹಾಕಿದ್ರಿ, ಗೂಟ ಕಿತ್ತವಳು ನಾನು, ದೋಣಿಗೆ ಕೊಟ್ಟೆ, ಮರೆತೆ, ತಪ್ಪು ನನ್ನದು. ಅತ್ತೆ ಎಳೆ ಕಟ್ಟಿದ ಕೈಯಿಂದ ನನ್ನ ಕೆನ್ನೆ ಸವರಿ, ಬೆಳಿಗ್ಗೆ ಅಂದದ್ದು ನಿನ್ನ ಮನಸ್ಸಿಗೇ ಚುಚ್ಚಿದೆ, ಅದಕ್ಕೆ ನಿನ್ನ ಮೇಲೆ ಹಾಕ್ಕೊಳ್ತಿದ್ದೀಯ, ಅಂದರು. ಇಲ್ಲ ಅತ್ತೆ, ನಿಜ, ಬನ್ನಿ, ಗೂಟ ದೋಣಿಯಲ್ಲೇ ಇದೆ, ತೋರಿಸ್ತೀನಿ. ಅಲ್ಲಿಗೂ ನಾನೇ ತಗೊಂಡು ಹೋಗಿ ಕೊಟ್ಟೆನೇನೋ, ಯಾರಿಗೆ ಗೊತ್ತು, ನೀನು ಒಳ್ಳೆಯವಳು ಕಣಮ್ಮ, ಅಂದರು ಅತ್ತೆ. ಒಳ್ಳೆಯವಳು. ಗಂಟನ್ನಾದರೂ ಸಡಿಲಿಸೋಣವೆಂದು ಉಗುರು ತೂರಿಸಿದೆ, ಅತ್ತೆ ಮಗುವಿನ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು, ಬೇಡ, ಇದಿದ್ರೇ ನಂಗೆ ಧೈರ್ಯ, ಅಂದು ಎದ್ದು ಗೂಡಿನ ಕಡೆ ಹೊರಟರು, ಬಾಗಿಲು ತಳ್ಳಿ, ಎಳೆದು, ಮತ್ತೆ ತಳ್ಳಿ, ಮತ್ತೆ ಆ ಬೆರಳು, ಬಿಳಿ ಎಳೆ, ಅದರ ಮೇಲೆ ನೇರಳೆ ತುದಿ, ಬಿಳಿ ಎಳೆ, ನೇರಳೆ ತುದಿ —