ಅಂಬುಜಾಳ ಎಡಗೈ

ನಾನು ಒಂದು ಬೈಕು. ಡಾಂಬರು ರಸ್ತೆಯ ಮೇಲೆ ನಯವಾಗಿ ಓಡುವ ಕುಲ ನನ್ನದಲ್ಲ. ಕಲ್ಲು, ಕೊರಕಲು, ಕೆಸರು, ಏರು ಇವುಗಳಿಗೆಂದೇ ಮಾಡಿದವನು ನಾನು. ಪೇಟೆಯವರು ಡರ್ಟ್ ಬೈಕ್ ಎನ್ನುತ್ತಾರೆ. ಕಾರ್ಖಾನೆಯ ಉದ್ದನೆಯ ಸಾಲಿನಲ್ಲಿ ಒಬ್ಬರು ಚಕ್ರ ಕೊಟ್ಟರು, ಒಬ್ಬರು ಸೀಟು ಕೊಟ್ಟರು, ಕೊನೆಗೊಬ್ಬರು ಪೆಟ್ರೋಲು ಹಾಕಿ ಉಸಿರು ಕೊಟ್ಟರು. ಆ ಮೊದಲ ಗುಡುಗು ನನ್ನದೇ ಎಂದು ತಿಳಿಯದೆ ನಾನೇ ಬೆಚ್ಚಿಬಿದ್ದೆ. ಅಂದಿನಿಂದ ನನಗೆ ಸ್ವಲ್ಪ ಅಂಜಿಕೆಯ ಸ್ವಭಾವ. ನನ್ನ ಸದ್ದು ಕೇಳಿದವರು ಇದನ್ನು ನಂಬುವುದಿಲ್ಲ.

ನನ್ನ ಹೊಟ್ಟೆಯೊಳಗಿನ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಎಂಜಿನ್ನು ಸದಾ ತಿರುಗುತ್ತಿರುತ್ತದೆ. ಚಕ್ರ ಮಾತ್ರ ಒಮ್ಮೆ ನಿಲ್ಲಬೇಕು, ಒಮ್ಮೆ ಓಡಬೇಕು. ಇವೆರಡರ ನಡುವೆ ಒಂದಕ್ಕೊಂದು ಒತ್ತಿಕೊಂಡ ಬಿಲ್ಲೆಗಳಿವೆ. ಅದೇ ಕ್ಲಚ್ಚು. ಎಡಗೈಯ ಲಿವರನ್ನು ಹಿಡಿದರೆ ಬಿಲ್ಲೆಗಳು ದೂರವಾಗುತ್ತವೆ, ಬಿಟ್ಟರೆ ಕೂಡಿಕೊಳ್ಳುತ್ತವೆ. ಒಮ್ಮೆಲೇ ಬಿಟ್ಟರೆ ನಾನು ಜಿಗಿಯುತ್ತೇನೆ ಅಥವಾ ಉಸಿರುಗಟ್ಟಿ ನಿಲ್ಲುತ್ತೇನೆ. ಮೆಲ್ಲಗೆ ಬಿಟ್ಟರೆ ಹಸುವಿನಂತೆ ನಡೆಯುತ್ತೇನೆ. ನನ್ನ ಸುಖದುಃಖವೆಲ್ಲ ಹಿಡಿದವರ ಎಡಗೈಯಲ್ಲಿದೆ.

ನನ್ನ ಮೊದಲ ಯಜಮಾನ ಮೈಸೂರಿನ ಕೌಶಿಕ. ಮಣ್ಣಿನ ರೇಸುಗಳಲ್ಲಿ ಓಡಿಸುತ್ತಿದ್ದ. ಕೆಟ್ಟವನಲ್ಲ, ಆತುರದವನು. ಅರ್ಧ ಹಿಡಿದ ಕ್ಲಚ್ಚಿನಲ್ಲೇ ನನ್ನನ್ನು ರೊಂಯ್ಯೆನಿಸಿ ಬಿಲ್ಲೆಗಳನ್ನು ಸುಟ್ಟುಹಾಕಿದ. ಗೆದ್ದ ದಿನ ನನ್ನ ಟ್ಯಾಂಕಿಗೆ ಮುತ್ತಿಟ್ಟ, ಹೊಸ ಬೈಕು ಬಂದ ದಿನ ನನ್ನನ್ನು ಗ್ಯಾರೇಜಿನಲ್ಲಿ ಬಿಟ್ಟುಹೋದ. ಗ್ಯಾರೇಜಿನ ಮುನಾವರ್ ನನಗೆ ಹೊಸ ಕ್ಲಚ್ ಪ್ಲೇಟು ಹಾಕಿ ಬದುಕಿಸಿದ. ಅಲ್ಲಿಂದ ನನ್ನನ್ನು ಕೊಂಡುಹೋದವನು ಮಂಟೀಪುರದ ಮಹದೇವಪ್ರಸಾದ, ಊರಿನ ನೀರುಗಂಟಿ.

ನೀರುಗಂಟಿ ಎಂದರೆ ಊರಿನ ನಲ್ಲಿಗಳಿಗೆ ನೀರು ಬಿಡುವವನು. ಮಂಟೀಪುರದ ಟ್ಯಾಂಕು ಊರ ಪಕ್ಕದ ಬೋಳುಗುಡ್ಡದ ಮೇಲಿದೆ. ಕರೆಂಟು ಯಾವಾಗ ಬಂದರೆ ಆವಾಗ ಕೆಳಗೆ ಮೋಟಾರು ಹಾಕಬೇಕು, ಮೇಲೆ ಹೋಗಿ ಒಂದು ಕೇರಿಯ ವಾಲ್ವು ತಿರುಗಿಸಬೇಕು, ಮತ್ತೆ ಇಳಿದು ಬಂದು ಇನ್ನೊಂದು ಕೇರಿಯದು. ನಡೆದು ಹೋದರೆ ಮುಗಿಯುವ ಕೆಲಸವಲ್ಲ. ಆ ಕಲ್ಲು ದಾರಿಯನ್ನು ಬೇರೆ ಯಾವ ಗಾಡಿಯೂ ಹತ್ತುತ್ತಿರಲಿಲ್ಲ. ನಾನು ಹತ್ತುತ್ತಿದ್ದೆ. ನನ್ನ ಸದ್ದು ಕೇಳಿದರೆ ಸಾಕು, ಹೆಂಗಸರು ಕೊಡಗಳನ್ನು ತಂದು ನಲ್ಲಿಗೆ ಇಡುತ್ತಿದ್ದರು. ಒಂದು ಊರು ನನ್ನ ದನಿಗೆ ಕಾಯುತ್ತದೆಂಬುದು ರೇಸಿನ ಚಪ್ಪಾಳೆಗಿಂತ ನನಗೆ ಹಿತವಾಗಿತ್ತು.

ಒಂದು ಮಧ್ಯಾಹ್ನ ಪ್ರಸಾದ ಟ್ಯಾಂಕಿನ ಏಣಿಯಿಂದ ಜಾರಿ ಬಿದ್ದ. ಎಡಗಾಲಿನ ಹರಡಿನ ಕೀಲು ಮುರಿಯಿತು. ಕೂಡಿಕೊಂಡಿತಾದರೂ ಮತ್ತೆ ಮಡಚಲಿಲ್ಲ. ನನ್ನ ಗೇರು ಬದಲಿಸುವುದು ಎಡಗಾಲಿನಲ್ಲೇ. ಅಲ್ಲಿಗೆ ಅವನ ಸವಾರಿ ಮುಗಿಯಿತು.

ಪಂಚಾಯಿತಿ ಅಧ್ಯಕ್ಷೆ ಜಯಶೀಲಮ್ಮ ಮನೆಗೆ ಬಂದರು. "ನೋಡಪ್ಪಾ ಪ್ರಸಾದು, ಊರಿಗೆ ನೀರು ನಿಲ್ಸಕ್ಕಾಗಕಿಲ್ಲ. ದೀಪಾವಳಿಗಂಟ ಹೆಂಗೋ ನಡಸ್ಕತೀನಿ. ಆಮೇಲೆ ಬೇರೆಯವ್ರನ್ನ ನೋಡ್ಬೇಕಾಯ್ತದೆ."

"ನಾನು ಮಾಡ್ತೀನಿ," ಎಂದಳು ಬಾಗಿಲ ಬಳಿಯಿದ್ದ ಅಂಬುಜ. ಪ್ರಸಾದನ ಹೆಂಡತಿ. ಹೇಳಿದ ಮೇಲೆ ಅವಳೇ ಗಾಬರಿಯಾದಂತೆ ಸೆರಗು ಹಿಡಿದುಕೊಂಡಳು.

"ಗುಡ್ಡ ಹೆಂಗವ್ವ ಹತ್ತೀಯೆ?"

ಅಂಬುಜ ಅಂಗಳದಲ್ಲಿ ನಿಂತಿದ್ದ ನನ್ನ ಕಡೆ ನೋಡಿದಳು. ನಾನೂ ಅವಳನ್ನು ನೋಡಿದೆ. ತವರಿನಲ್ಲಿ ಅವಳು ಗೇರಿಲ್ಲದ ಸ್ಕೂಟರನ್ನು ವರ್ಷಗಟ್ಟಲೆ ಓಡಿಸಿದ್ದವಳು. ನನ್ನನ್ನು ಮುಟ್ಟಿದವಳಲ್ಲ. ಅವಳು ಕಲಿಯದಿದ್ದರೆ ಆ ಮನೆಯ ಅನ್ನ ಹೋಗುತ್ತದೆ, ನಾನು ನಂಜನಗೂಡಿನ ಗುಜರಿಗೆ ಹೋಗುತ್ತೇನೆ. ಇದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಯುಧಪೂಜೆ ಬಂತು. ನನಗೆ ಚೆಂಡುಹೂವಿನ ಹಾರ, ಎರಡು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು. ಹಣ್ಣನ್ನು ತುಳಿದು ಮುಂದೆ ಹೋಗಬೇಕು, ಅದು ಪದ್ಧತಿ. ಅಂಬುಜ ಹತ್ತಿ ಕೂತಳು. ಅವಳ ಹೆದರಿಕೆ ಲಿವರಿನ ತುದಿಯಿಂದ ನನ್ನ ಬಿಲ್ಲೆಗಳವರೆಗೂ ತಿಳಿಯುತ್ತಿತ್ತು. ಫಟ್ಟನೆ ಬಿಟ್ಟಳು. ನಾನು ಒಮ್ಮೆ ಒದ್ದು, ಕೆಮ್ಮಿ, ಅವಳನ್ನೂ ಹಾರವನ್ನೂ ಸೇರಿಸಿಕೊಂಡು ಮಗ್ಗುಲಿಗೆ ಬಿದ್ದೆ. ಮುಂದಿನ ನಿಂಬೆಹಣ್ಣು ಒಂದು ಗೀರೂ ಇಲ್ಲದೆ ಉರುಳಿ ಚರಂಡಿ ಸೇರಿತು.

"ಹಣ್ಣು ತಪ್ಪಿಸ್ಕತು ಕಣ್ರವ್ವೋ!" ಎಂದು ಎದುರುಮನೆಯ ಪುಟ್ಟತಾಯಮ್ಮ ಕೂಗಿದಳು. "ಅಂಬುಜಾ, ಅದೇನು ಬೈಕೋ, ಒದೆಯೋ ಎಮ್ಮೆಯೋ?"

ಅಂಗಳವೆಲ್ಲ ನಕ್ಕಿತು. ಅಂಬುಜಾಳೂ ನಕ್ಕಳು, ಕಣ್ಣು ಒರೆಸಿಕೊಳ್ಳುತ್ತ. ಪ್ರಸಾದ ನಗಲಿಲ್ಲ. ಅವನು ಆ ಚರಂಡಿಯ ಹಣ್ಣನ್ನೇ ನೋಡುತ್ತಿದ್ದ.

ಮರುದಿನ ಅವನು ಪ್ಲಾಸ್ಟಿಕ್ ಕುರ್ಚಿಯನ್ನು ಅಂಗಳಕ್ಕೆ ಹಾಕಿಸಿಕೊಂಡು, ಮಡಿಲಲ್ಲಿ ನಿಂಬೆಹಣ್ಣು ತುಂಬಿಕೊಂಡು ಕೂತ. ನನ್ನ ಮುಂದಿನ ಚಕ್ರಕ್ಕೆ ಒಂದನ್ನು ಇಡಿಸಿದ.

"ತುಳೀಬ್ಯಾಡ. ಹಣ್ಣನ್ನ ಒಸಿ ಅಮುಕಬೇಕು, ಒಡೀಬಾರ್ದು. ಅಲ್ಲೇ ನಿಲ್ಸು."

"ಪೂಜೆಗಿಟ್ಟಿದ್ದನ್ನ ತುಳೀಲಿಲ್ಲ ಅಂತ ನಗಾಡಿದ್ರು. ಈಗ ನೀವು ತುಳೀಬ್ಯಾಡ ಅಂತೀರಲ್ಲ!"

"ನೆನ್ನೆ ದೇವರಿಗೆ. ಇವತ್ತು ನಿನ್ನ ಕೈಗೆ. ನಾಲ್ಕು ಬೆರಳೂ ಒಟ್ಗೇ ಬಿಚ್ಚಬ್ಯಾಡ. ಮಲ್ಗಿರೋ ಮಗೀನ ಕೈಯಿಂದ ಗಿಲಕಿ ಬುಡಸ್ಕತಾರಲ್ಲ, ಅಂಗೆ, ಗೊತ್ತಾಗದಂಗೆ ಬುಡು."

ಹಣ್ಣುಗಳು ಒಡೆದವು. ಅಂಗಳವೆಲ್ಲ ಹುಳಿ ವಾಸನೆ. ಒಡೆದದ್ದನ್ನೆಲ್ಲ ಅವಳು ತೊಳೆದು ಉಪ್ಪಿನಕಾಯಿಗೆ ಹಾಕಿದಳು. ಪುಟ್ಟತಾಯಮ್ಮ ಹಣ್ಣು ಕೊಡುವುದಕ್ಕೂ ಬಂದಳು, ಉಪ್ಪಿನಕಾಯಿ ಕೇಳುವುದಕ್ಕೂ ಬಂದಳು. ನಾನು ಮತ್ತೆ ಮತ್ತೆ ಉಸಿರುಗಟ್ಟಿ ನಿಂತೆ. ಅವಳು ಮತ್ತೆ ಮತ್ತೆ ಕಿಕ್ ಹೊಡೆದಳು. ಒಂದು ಬಾರಿಯೂ ನನ್ನನ್ನು ಬೈಯಲಿಲ್ಲ. ಬೈಕಿಗೆ ಅದು ತಿಳಿಯುತ್ತದೆ.

ಒಂದು ಸಂಜೆ ಅವಳ ಬೆರಳುಗಳು ಸಡಿಲವಾಗುತ್ತ ಬಂದು, ನನ್ನ ಬಿಲ್ಲೆಗಳು ಒಂದನ್ನೊಂದು ಮುಟ್ಟಿಯೂ ಮುಟ್ಟದಂತೆ ಆಗುವ ಜಾಗದಲ್ಲಿ ನಿಂತುಬಿಟ್ಟವು. ನಾನು ಮುಂದಕ್ಕೆ ವಾಲಿದೆ, ಹೋಗಲಿಲ್ಲ. ಟೈರಿನ ಕೆಳಗೆ ಹಣ್ಣು ಒಸಿ ಚಪ್ಪಟೆಯಾಯಿತು, ಒಡೆಯಲಿಲ್ಲ. ನನ್ನ ದನಿ ತಗ್ಗಿತು.

"ಇದೇನಾ?" ಎಂದಳು ಪಿಸುಮಾತಿನಲ್ಲಿ, ಜೋರಾಗಿ ಹೇಳಿದರೆ ತಪ್ಪಿಹೋಗುವುದೇನೋ ಎಂಬಂತೆ.

"ಅದೇ ಕನ, ಅಂಬು."

ಗೇರು ಹಾಕುವುದನ್ನೂ ಬಲಗಾಲಿನ ಬ್ರೇಕನ್ನೂ ಅವಳು ಮುಂದಿನ ದಿನಗಳಲ್ಲಿ ಕಲಿತಳು. ದೀಪಾವಳಿಯ ಹಿಂದಿನ ದಿನ ಕರೆಂಟು ಬಂತು. ಜಯಶೀಲಮ್ಮ ನಲ್ಲಿಕಟ್ಟೆಯ ಬಳಿ ಬಂದು ನಿಂತರು, ಅವರ ಹಿಂದೆ ಅರ್ಧ ಊರು. ಪ್ರಸಾದ ಅಂಗಳದ ಕುರ್ಚಿಯಿಂದ ಗುಡ್ಡದ ಕಡೆ ಮುಖ ಮಾಡಿದ್ದ. ಅಂಬುಜ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಏರಿನಲ್ಲಿ ಕಲ್ಲು ಸಿಕ್ಕಾಗಲೆಲ್ಲ ಲಿವರನ್ನು ಒಸಿ ಹಿಡಿದಳು, ಒಸಿ ಬಿಟ್ಟಳು. ನಾನು ಹತ್ತಿದೆ. ಮೇಲೆ ವಾಲ್ವು ತಿರುಗಿಸಿದಾಗ ಪೈಪಿನೊಳಗೆ ನೀರು ಗುಳುಗುಳು ಇಳಿಯಿತು. ಅವಳು ನನ್ನ ಸೀಟನ್ನು ಒಮ್ಮೆ ತಟ್ಟಿ ಹತ್ತಿ ಕೂತಳು.

ಅಪಾಯ ಇಳಿಯುವಾಗ ಇತ್ತು. ತಿರುವಿನ ಬಂಡೆ ಎದುರಾದಾಗ ನಾನು ವೇಗ ಹಿಡಿದೆ, ಅವಳು ಹೆದರಿದಳು. ಹೆದರಿದ ಕೈ ಹಳೆಯ ಪಾಠವನ್ನೇ ನೆನೆಯುತ್ತದೆ. ಸ್ಕೂಟರಿನಲ್ಲಿ ಎಡಗೈಯ ಲಿವರು ಬ್ರೇಕು. ಅವಳು ಎಡಗೈಯನ್ನು ಜೀವ ಹಿಡಿದಂತೆ ಹಿಡಿದಳು. ನನ್ನಲ್ಲಿ ಅದು ಕ್ಲಚ್ಚು. ಬಿಲ್ಲೆಗಳು ಬೇರೆಯಾದವು, ಚಕ್ರವನ್ನು ತಡೆದು ಹಿಡಿದಿದ್ದ ಎಂಜಿನ್ನಿನ ಕೈ ಕಳಚಿತು. ನಾನು ಸದ್ದಿಲ್ಲದೆ ಕೆಳಕ್ಕೆ ಜಾರತೊಡಗಿದೆ. ಅವಳು ಇನ್ನೂ ಬಿಗಿಯಾಗಿ ಹಿಡಿದಳು, ನಾನು ಇನ್ನೂ ಜೋರಾಗಿ ಓಡಿದೆ. 'ಬಿಡು, ತಾಯಿ, ಬಿಡು' ಎಂದು ನಾನು ಕೂಗಬೇಕಿತ್ತು, ಆದರೆ ನನಗೆ ಬಾಯಿಲ್ಲ.

ಬಂಡೆ ಹತ್ತಿರವಾಯಿತು. ಆಗ ಅವಳ ಬೆರಳುಗಳಿಗೆ ಏನು ಹೊಳೆಯಿತೋ! ಹಿಡಿದದ್ದನ್ನು ಬಿಟ್ಟಳು. ಫಟ್ಟನೆ ಅಲ್ಲ, ಅಷ್ಟು ಭಯದಲ್ಲೂ ಮೆಲ್ಲಗೆ, ಗೊತ್ತಾಗದಂತೆ. ಬಿಲ್ಲೆಗಳು ಕೂಡಿದವು. ಎಂಜಿನ್ನು ಗುರ್ರೆಂದು ಚಕ್ರವನ್ನು ಹಿಂದಕ್ಕೆ ಜಗ್ಗಿತು. ಅವಳ ಬಲಗಾಲು ಬ್ರೇಕನ್ನು ಹುಡುಕಿಕೊಂಡಿತು. ಬಂಡೆಯ ಪಕ್ಕದಲ್ಲಿ ನಾವು ನಡಿಗೆಯ ವೇಗದಲ್ಲಿ ತಿರುಗಿಕೊಂಡೆವು.

ನಲ್ಲಿಕಟ್ಟೆಯಲ್ಲಿ ಕೊಡಗಳು ತುಂಬುತ್ತಿದ್ದವು. "ನೋಡ್ದಾ, ಇಳಿಯೋವಾಗ ಸದ್ದೇ ಇರ್ನಿಲ್ಲ," ಎಂದಳು ಪುಟ್ಟತಾಯಮ್ಮ. "ಗಂಡ ದಿನಾ ಪೆಟ್ರೋಲು ಸುಡ್ತಿದ್ದ. ಇವ್ಳು ಮೊದಲ್ನೇ ದಿನಾನೇ ಉಳಿಸ್ಬುಟ್ಟಳು!"

ಜಯಶೀಲಮ್ಮ ತಲೆಯಾಡಿಸಿದರು. "ನೀನೇ ಇರವ್ವ," ಎಂದು ಅಷ್ಟೇ ಹೇಳಿ ಹೊರಟರು.

ಸದ್ದು ಯಾಕೆ ನಿಂತಿತ್ತೆಂದು ಪ್ರಸಾದನ ಕಿವಿಗೆ ಮಾತ್ರ ತಿಳಿದಿತ್ತು. ಅಂಗಳದಲ್ಲಿ ನನ್ನನ್ನು ನಿಲ್ಲಿಸಿದಾಗ ಅವನ ಮುಖ ಬಿಳಿಚಿಕೊಂಡಿತ್ತು. "ಯಾವ ಲಿವರು ಹಿಡಿದಿದ್ದೆ?"

"ಎಡದ್ದು."

"ಆಮೇಲೆ?"

"ಬುಟ್ಟೆ."

ಅವನು ಅವಳ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ಬಿಡಲೇ ಇಲ್ಲ.

ಆಮೇಲಿನ ವರ್ಷಗಳನ್ನು ನಾನು ದಿನದಿನವೂ ಆ ಕೈಯಲ್ಲಿ ಕಳೆದೆ. ಅಷ್ಟು ಕಾಲ ನನ್ನ ಬಿಲ್ಲೆಗಳು ಸುಡಲಿಲ್ಲ. ಈಗ ಗುಡ್ಡಕ್ಕೆ ಕಾಂಕ್ರೀಟು ದಾರಿಯಾಗಿದೆ, ಅಂಬುಜ ಬೇರೆ ಗಾಡಿಯಲ್ಲಿ ಹತ್ತುತ್ತಾಳೆ. ನನ್ನ ಉಸಿರು ನಿಂತಿದೆ. ಪಂಪ್‌ಹೌಸಿನ ಮೂಲೆಯಲ್ಲಿ ಸ್ಟ್ಯಾಂಡು ಹಾಕಿ ನಿಲ್ಲಿಸಿದ್ದಾರೆ. ಗುಜರಿಯವನು ಕೇಳಿಕೊಂಡು ಬಂದರೆ ಅವಳು, "ಅದಿನ್ನೂ ಡ್ಯೂಟಿಲದೆ ಕನಪ್ಪ," ಎಂದು ಕಳಿಸುತ್ತಾಳೆ. ಸುಳ್ಳಲ್ಲ. ಕಲಿಯಬೇಕೆನ್ನುವ ಊರ ಹೆಣ್ಣುಮಕ್ಕಳು ಮೊದಲು ನನ್ನ ಮೇಲೆ ಕೂತು ಲಿವರು ಹಿಡಿದು ಬಿಡುತ್ತಾರೆ. ಬೀಳಿಸಲು ನನ್ನಲ್ಲಿ ಶಕ್ತಿಯಿಲ್ಲ. ಅದಕ್ಕಾಗಿಯೂ ನಾನು ಋಣಿ.

ಮೊನ್ನೆ ಪುಟ್ಟತಾಯಮ್ಮ ಬಂದಳು. ಅತ್ತ ಇತ್ತ ನೋಡಿ, ಅಂಬುಜಾಳ ಹೊರತು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೀರೆ ಎತ್ತಿಕಟ್ಟಿ ನನ್ನ ಮೇಲೆ ಹತ್ತಿ ಕೂತಳು.

"ಓಡ್ಸಕ್ಕಲ್ಲ ಕನೇ. ಒಂದ್ಸಲ ಹಿಡ್ದು ನೋಡವ ಅಂತ," ಎಂದಳು. ಒಣಗಿದ ಬೆರಳುಗಳು ಲಿವರನ್ನು ಬಿಗಿಯಾಗಿ ಹಿಡಿದವು. "ಅಯ್ಯೋ, ಹೆದ್ರಿಕೆ ಆಯ್ತದೆ ಕನೇ ಅಂಬುಜಾ."

ಅಂಬುಜ ಅವಳ ಕೈಯ ಮೇಲೆ ತನ್ನ ಕೈಯಿಟ್ಟಳು.

"ಆಗ್ಲಿ ಬುಡು, ದೊಡ್ಡವ್ವ. ಹೆದರ್ಕಂಡೇ ಮೆಲ್ಲಗೆ ಬುಡು."