ಪೆಟ್ಟಿಗಿ ಹೂವಿನ ಅಪ್ಪಣಿ

ಕಾಲುವೆ ಬರುವ ಮುಂಚೆ ಸುರಪುರದ ಸಂತೆಯಲ್ಲಿ ಕಾರ್ನೇಷನ್ ಹೂವನ್ನು ಯಾರೂ ಕಂಡಿದ್ದಿಲ್ಲ. ನೀರು ಬಂತು, ಭತ್ತ ಬಂತು, ಭತ್ತದ ಹಿಂದೆ ಕಲ್ಯಾಣ ಮಂಟಪಗಳು ಬಂದವು, ಅವುಗಳ ಹಿಂದೆ ಈ ಹೂ ಹೈದರಾಬಾದಿನಿಂದ ಪೆಟ್ಟಿಗೆಯಲ್ಲಿ ಮಲಗಿಕೊಂಡು ಬಂತು. ನಮ್ಮ ಮಂದಿ ಅದಕ್ಕೆ ಪೆಟ್ಟಿಗಿ ಹೂ ಅಂದರು. ನಾನು ಹೂಗಾರ ಅಂಬ್ರಪ್ಪ, ಕಟ್ಟಿ ಮಾರುವವನು. ಮಲ್ಲಿಗೆಯ ಹಾಗೆ ಇದು ಘಮ್ಮೆನ್ನುವುದಿಲ್ಲ. ಮೂಗಿಗೆ ಹಚ್ಚಿ ಹಿಡಿದರೆ ಲವಂಗದ ವಾಸನೆ ಇದ್ದರೆ ಇದ್ದೀತು. ಎಸಳಿನ ಅಂಚು ಇಲಿ ಕಚ್ಚಿದಂತೆ. ಆದರೆ ಬಾಡುವುದಿಲ್ಲ. ಮದುವೆ ಮುಗಿದು, ಬೀಗರು ಊರು ಸೇರಿ, ಮೊದಲ ಜಗಳ ಆಡುವ ತನಕ ತಾಜಾ ಇರುತ್ತದೆ. ಅದಕ್ಕೇ ಸ್ಟೇಜಿಗೂ ಅದೇ, ಮದುಮಗನ ಕಾರಿಗೂ ಅದೇ, ಉಳ್ಳವರ ಹೆಣದ ಗಾಡಿಗೂ ಅದೇ. ಕೆಂಪು ಅಂದರೆ ಪ್ರೀತಿ, ಹಳದಿ ಅಂದರೆ ಒಲ್ಲೆ ಅಂತ ಪೆಟ್ಟಿಗೆ ಕಳಿಸುವ ವ್ಯಾಪಾರಿ ಹೇಳಿದ್ದ. ಹಳದಿ ಅಂದರೆ ಒಲ್ಲೆ ಅನ್ನುವವರು ನಮ್ಮಲ್ಲಿ ಅರಿಶಿಣ ಹಚ್ಚುವುದನ್ನು ನೋಡಿಲ್ಲ ಅಂತ ಕಾಣುತ್ತದೆ.

ದೇವಾಪುರದ ಮಹಾದೇವಪ್ಪನ ಮಗಳು ಮೋನಮ್ಮ. ಶಹಾಪುರಕ್ಕೆ ಹೊಲಿಗೆ ಕಲಿಯಲು ಹೋದಾಗ ಗುರಪ್ಪ ಅನ್ನುವ ಹುಡುಗನನ್ನು ಕಂಡು ಮೆಚ್ಚಿದ್ದಳು. ಜಾತಿ ಒಂದೇ, ನಡತೆ ಚಲೋ. ಕುಂದು ಒಂದೇ: ಅವನ ಊರು ಕಾಲುವೆಯ ಕೊನೆಗಿತ್ತು.

"ಕೊನಿ ಊರಾಗ ಕಾಲುವಿ ಅದ, ನೀರಿಲ್ಲ. ಕೊಡ ಹೊರಾಕ ಮಗಳನ್ನ ಕೊಡ್ಲೇನು?" ಅಂದ ಮಹಾದೇವಪ್ಪ.

"ಕೊಟ್ರ ಅಲ್ಲಿಗೆ ಕೊಡ್ರಿ, ಇಲ್ಲಂದ್ರ ಎಲ್ಲಿಗೂ ಬ್ಯಾಡ," ಅಂದಳು ಮೋನಮ್ಮ.

ಮಹಾದೇವಪ್ಪನ ತಾಯಿ ತಿಮ್ಮವ್ವ ನಡುವೆ ಬಂದಳು. "ನಿಮ್ಮ ವಾದ ಕೇಳಿ ಕಿವಿ ತೂತು ಬಿದ್ದಾವ. ಹೋಗಿ ಗುಡ್ಯಾಗಿನ ಅವ್ವನ ಕೇಳ್ರಿ. ಅಕಿ ಒಲ್ಲೆ ಅಂದ್ರ ಮುಗೀತು, ಮತ್ತ ಹುಡುಗನ ಹೆಸರು ಎತ್ತಂಗಿಲ್ಲ." ಅಪ್ಪನೂ ಒಪ್ಪಿದ, ಮಗಳೂ ಒಪ್ಪಿದಳು.

ಆ ಊರ ಅವ್ವನ ಅಪ್ಪಣಿ ಕೇಳುವ ರೀತಿ ಹೀಗೆ. ದೇವಿಯ ಎರಡು ತೋಳಿಗೂ ಬೆಳ್ಳಿಯ ವಂಕಿ ಇವೆ. ಕಲ್ಲಿಗೂ ವಂಕಿಗೂ ನಡುವೆ ಒಂದೊಂದು ಹೂವಿನ ತೊಟ್ಟು ಸಿಗಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಬೀಳುವ ತನಕ ಎರಡೂ ಮನೆಯವರು ಬೀಗರ ಹಾಗೆ ಇರಬೇಕು: ಹುಡುಗಿಯ ಮನೆಯಲ್ಲಿ ಕೂಡಿ ಉಣ್ಣಬೇಕು, ಊರು ಬಿಡಬಾರದು, ಬಿರುಸು ಮಾತು ಆಡಬಾರದು. ಚೆಂಡು ಹೂವಾದರೆ ಮಧ್ಯಾಹ್ನದೊಳಗೆ ತೊಟ್ಟು ಮೆತ್ತಗಾಗಿ ಜಾರುತ್ತದೆ. ಒಂದು ಊಟಕ್ಕೆ ಮುಗಿಯುವ ಬೀಗತನ.

ಅದು ಬಿರು ಬೇಸಿಗೆ. ಚೆಂಡು ಇಲ್ಲ, ಸೇವಂತಿ ಇಲ್ಲ. ಶಹಾಪುರದ ಮದುವೆಯಲ್ಲಿ ಮಿಕ್ಕ ಪೆಟ್ಟಿಗಿ ಹೂ ಇದ್ದವು, ಕೆಂಪನೆಯವು. ಮಂಗಳವಾರ ಅವನ್ನೇ ಒಯ್ದುಕೊಟ್ಟೆ. ಪೂಜಾರಿ ಯಂಕಣ್ಣ ತಿರುಗಿಸಿ ನೋಡಿ, "ಹೂ ಹೂನಽ," ಅಂದು ಸಿಗಿಸಿದ. ಗುರಪ್ಪ ಮತ್ತು ಅವನ ತಾಯಿ ಸಾಯಬಮ್ಮ ಕೈಮುಗಿದು ಕೂತರು.

ಮಧ್ಯಾಹ್ನವಾಯಿತು. ಹೂ ಬೀಳಲಿಲ್ಲ. ಸಂಜೆಯಾಯಿತು, ಬೀಳಲಿಲ್ಲ. ಬುಧವಾರ ಯಂಕಣ್ಣ ದೇವಿಗೆ ನೀರು ಹಾಕಿದ. ಹೂ ಇನ್ನೂ ನಿಗುರಿ ನಿಂತವು. ಹೊರಗೆ ಬಿಸಿಲು ಕಲ್ಲು ಸೀಳುವಂತಿತ್ತು, ಗರ್ಭಗುಡಿ ಮಾತ್ರ ತಂಪು.

ಗುರುವಾರ ನಾನು ಅವರ ಮನೆ ಮುಂದೆ ಹೂಬುಟ್ಟಿ ಇಳಿಸುತ್ತಿದ್ದಾಗ ಮಹಾದೇವಪ್ಪ ನನ್ನನ್ನು ಹಿಡಿದುಕೊಂಡ. "ಎಂಥಾ ಹೂ ತಂದಿಯೋ ಮಾರಾಯ? ಬೀಗರು ನಮ್ಮನಿಯಾಗ ಬೇರು ಬಿಡಾಕತ್ತಾರ!"

ಬಿರುಸು ಮಾತು ಆಡುವಂತಿಲ್ಲವಲ್ಲ, ಅದನ್ನೂ ನಗುತ್ತಲೇ ಹೇಳಬೇಕಾಯಿತು.

ಒಳಗೆ ಸಾಯಬಮ್ಮ ರೊಟ್ಟಿ ಬಡಿಯುತ್ತಿದ್ದಳು. ತಿಮ್ಮವ್ವ ಎದುರಿಗೆ ಕೂತು, "ಕೊನಿ ಊರವರು ರೊಟ್ಟಿ ಭಾಳ ತೆಳ್ಳಗ ಬಡೀತೀರಿ," ಅಂತ ಚುಚ್ಚಿದಳು.

"ಹಿಟ್ಟಿಗೆ ನೀರು ಕಮ್ಮಿ ನೋಡ್ರಿ, ಕೈ ಹೆಚ್ಚು ಹಚ್ಚಬೇಕಾಗ್ತದ," ಅಂದಳು ಸಾಯಬಮ್ಮ. ಮುದುಕಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ಮೋನಮ್ಮ ಮಾತ್ರ ಉಣ್ಣುವುದು ಕಮ್ಮಿ ಮಾಡಿದ್ದಳು. ದಿನಾ ಮುಂಜಾನೆ ಗುಡಿ ಕಸ ಹೊಡೆಯುವ ನೆಪದಲ್ಲಿ ಹೋಗಿ ಮೊದಲು ಎಡ ವಂಕಿ ನೋಡುತ್ತಿದ್ದಳು, ಆಮೇಲೆ ಬಲ ವಂಕಿ.

ಶುಕ್ರವಾರ ಮಹಾದೇವಪ್ಪನ ಗದ್ದೆಗೆ ನೀರು ಬಿಡುವ ಪಾಳಿ. ಸುಮ್ಮನೆ ಕೂತು ಉಣ್ಣಲು ನಾಚಿಕೆಯಾಗಿ ಗುರಪ್ಪನೂ ಸಲಿಕೆ ಹಿಡಿದು ಹೋದ. ಗದ್ದೆ ರಸ್ತೆಯ ಪಕ್ಕಕ್ಕೇ ಇದೆ. ನಾನು ಸೈಕಲ್ ನಿಲ್ಲಿಸಿ ಬೀಡಿ ಹಚ್ಚಿದ್ದೆ. ಭತ್ತ ಮುಳುಗುವಷ್ಟು ನೀರು ನಿಂತು, ಬದು ದಾಟಿ ಹಳ್ಳಕ್ಕೆ ಸುರಿಯುತ್ತಿತ್ತು. ಅದು ದಿನದ ನೋಟ. ನಮ್ಮ ಕಡೆ ತೂಬು ತೆರೆಯುವುದು ಎಲ್ಲರಿಗೂ ಗೊತ್ತು, ಮುಚ್ಚುವ ರೂಢಿ ಇಲ್ಲ.

"ಸಾಕಾತಲ್ರಿ ಮಾವಾರ? ತೂಬು ಮುಚ್ಚಲೇನ್ರಿ?" ಅಂತ ಕೇಳಿದ ಗುರಪ್ಪ.

"ಯಾಕ ಮುಚ್ಚತಿ? ಹೋದ್ರ ಹೋಗವಲ್ದ್ಯಾಕ, ಅದೇನು ನಮ್ಮಪ್ಪನ ಗಂಟೇನು?"

"ಅಲ್ರಿ. ಈ ನೀರು ಮುಂದ ಹೋಗಿದ್ರ ನಾವು ಹೆಣ್ಣು ಕೇಳಾಕ ಇಲ್ಲೀತನ ಬರ್ತಿದ್ದಿಲ್ಲ. ನೀವಽ ಗಂಡು ಹುಡುಕ್ಕೋತ ನಮ್ಮೂರಿಗೆ ಬರ್ತಿದ್ರಿ."

ನಾನು ಬೀಡಿ ಹೊಗೆ ನುಂಗಿದೆ. ಮಹಾದೇವಪ್ಪ ಅವನನ್ನು ನೋಡಿದ, ಹಳ್ಳಕ್ಕೆ ಬೀಳುವ ನೀರು ನೋಡಿದ. ಆಮೇಲೆ ಗದ್ದೆಯ ಆಚೆ ಬದಿಯ ತನಕ ಕೇಳುವ ಹಾಗೆ ನಕ್ಕ. ಗುರಪ್ಪ ನೀರಿಗೆ ಇಳಿದು ತೂಬಿಗೆ ಮಣ್ಣು ಒತ್ತಿದ. ಬ್ಯಾಡ ಅನ್ನುವವರು ಯಾರೂ ಇರಲಿಲ್ಲ.

ಶನಿವಾರ ಮುಂಜಾನೆ ಎಲ್ಲರೂ ಗುಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆವು. ಕಸಬರಿಗೆ ಹಿಡಿದು ಒಳಗೆ ಹೋದ ಮೋನಮ್ಮ ಬೇಗ ಹೊರಗೆ ಬಂದಳು. ಅಂಗೈಯಲ್ಲಿ ಹೂವಿತ್ತು.

"ಯಪ್ಪಾ, ಎಡಗಡೆದು ಬಿದ್ದದ," ಅಂದಳು.

ಅವಳೊಬ್ಬಳೇ ಒಳಗಿದ್ದದ್ದು. ತಿರುಗಿ ಸಿಗಿಸಿದ್ದರೆ ಯಾರಿಗೂ ತಿಳಿಯುತ್ತಿದ್ದಿಲ್ಲ. ಸಾಯಬಮ್ಮ ಚಹಾದ ಬಟ್ಟಲು ಕೆಳಗಿಟ್ಟು, ಗಂಟು ಕಟ್ಟಿಕೊಳ್ಳಲು ಏಳಹೋದಳು. ಗುರಪ್ಪ ನೆಲ ನೋಡುತ್ತಿದ್ದ.

ಮಹಾದೇವಪ್ಪ ಮಗಳ ಕೈಯಿಂದ ಹೂ ತೆಗೆದುಕೊಂಡ. ತಿರುವಿ ನೋಡಿದ, ತೊಟ್ಟು ಚಿವುಟಿದ, ಮೂಸಿದ.

"ಕೂಡ್ರಿ ತಂಗಿ. ಏ ಯಂಕಣ್ಣ, ಇದು ಬಾಡೇತೇನು?"

"ಇಲ್ಲಪ್ಪ. ಹೊಸಾದು ಇದ್ದಂಗಽ ಅದ."

"ಬಾಡಿದ ಹೂ ಬಿದ್ರ ಅಪ್ಪಣಿ. ಬಾಡದ ಹೂ ಬಿದ್ರ ಅದು ಹಲ್ಲಿನೋ ಇಲಿನೋ ಕೆಡವಿದ್ದು. ಅವ್ವ ಇನ್ನೂ ಬಾಯಿ ಬಿಟ್ಟಿಲ್ಲ."

ಯಂಕಣ್ಣ ತಲೆ ಕೆರೆದುಕೊಂಡ. "ಹಂಗಾದ್ರ ತಿರುಗಿ ಸಿಗಸ್ಲೇನು?"

"ಮತ್ತ ಎಂಟು ದಿನ ಇವರಿಗೆ ಹಾಕಾಕ ನಮ್ಮನಿಯಾಗ ಜ್ವಾಳ ಎಲ್ಲಿ ಅದಾವೋ!" ಅಂದವನೇ ಚಪ್ಪಲಿ ಬಿಟ್ಟು ಒಳಗೆ ಹೋದ. ಅವ್ವನಿಗೆ ಉದ್ದಕ್ಕೆ ಅಡ್ಡಬಿದ್ದು, ಎದ್ದು, ಬಲ ವಂಕಿಯ ಹೂವನ್ನು ತಾನೇ ಕಿತ್ತುಕೊಂಡು ಬಂದ. ಸಾಯಬಮ್ಮನ ಮುಂದೆ ಹಿಡಿದ.

"ಏನ್ ಮಾಡಿದ್ಯೋ ಮೂಳ! ಅವ್ವನ ಮೈಮ್ಯಾಗಿನ ಹೂವಿಗೆ ಕೈ ಹಾಕ್ತಾರೇನು?" ಅಂತ ಬೈದಳು ತಿಮ್ಮವ್ವ.

"ತಪ್ಪಾಗಿದ್ರ ನನ್ನ ಕೇಳ್ತಾಳ, ಕೇಳ್ಲಿ. ಹುಡುಗಿಗೆ ಮುಡಸ್ರಿ ತಂಗಿ."

ಸಾಯಬಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೂ ತೆಗೆದುಕೊಂಡಳು. ಮೋನಮ್ಮ ತಲೆ ಬಗ್ಗಿಸಿ ನಿಂತಳು. ಮುಖ ಯಾರಿಗೂ ಕಾಣಲಿಲ್ಲ.

ಮದುವೆ ಆ ಬೇಸಿಗೆಯಲ್ಲೇ ಆಯಿತು. ಇನ್ನು ಮೇಲೆ ಅಪ್ಪಣಿಗೆ ಆ ಹೂ ತರಬ್ಯಾಡ ಅಂತ ಯಂಕಣ್ಣ ನನಗೆ ಕಟ್ಟುನಿಟ್ಟಾಗಿ ಹೇಳಿದ. ನಾನೂ ಆಗಲಿ ಅಂದೆ. ಆದರೆ ಅಲ್ಲಿ ಅವ್ವನ ಅಪ್ಪಣಿ ಕೇಳಲು ಹೋಗುವ ಹೆಣ್ಣುಮಕ್ಕಳು ಈಗ ಹಿಂದಿನ ದಿನವೇ ನನ್ನ ಅಂಗಡಿಗೆ ಬರುತ್ತಾರೆ. ಚೆಂಡು ಹೂವಿನ ಬುಟ್ಟಿ ತುಂಬಿದ್ದರೂ, "ಪೆಟ್ಟಿಗಿ ಹೂ ಅದಾವೇನ್ರಿ ಕಾಕಾ?" ಅಂತ ಮೆಲ್ಲಗೆ ಕೇಳುತ್ತಾರೆ.