ಕೊಲೆಗಾರನ ಹದಿನಾಲ್ಕು ಹೆಜ್ಜೆ

ಪರದೆಯ ಮೇಲೆ ಕೊಲೆಗಾರ ಹಜಾರ ದಾಟಿ ತನ್ನ ಮಾವನ ಕೋಣೆಯತ್ತ ಹೊರಟಿದ್ದ. ಇತ್ತ ಮೈಕಿನ ಮುಂದೆ, ಮರದ ಹಲಗೆಯ ಮೇಲೆ, ಗಂಡಸರ ಬೂಟು ಹಾಕಿಕೊಂಡ ಐವತ್ತರ ಹೆಂಗಸೊಬ್ಬಳು ಅವನ ಪರವಾಗಿ ನಡೆಯುತ್ತಿದ್ದಳು.

ಅದು ಪರದೇಶದ ಪತ್ತೇದಾರಿ ಸಿನಿಮಾ. ಮಾತುಗಳನ್ನೆಲ್ಲ ಆಗಲೇ ನಮ್ಮ ಭಾಷೆಗೆ ತಂದಾಗಿತ್ತು. ಆದರೆ ಮೂಲದ ಮಾತು ಅಳಿಸುವಾಗ ಹೆಜ್ಜೆಯ ಸದ್ದೂ ಬಾಗಿಲ ಸದ್ದೂ ಅಳಿಸಿಹೋಗಿ, ಅವನ್ನೆಲ್ಲ ಹೊಸದಾಗಿ ಮಾಡಬೇಕಿತ್ತು. ಇಪ್ಪತ್ತೆರಡು ವರ್ಷದಿಂದ ಅವಳ ಕಸುಬೇ ಅದು. ನಡೆಯೋದಕ್ಕೂ ದುಡ್ಡು ಕೊಡ್ತಾರಾ ಎಂದು ನಾದಿನಿ ಕಾಲೆಳೆದರೆ, ನೀನು ನಡೆದರೆ ಯಾರೂ ಕೊಡೋದಿಲ್ಲ ಬಿಡು ಎನ್ನುತ್ತಿದ್ದಳು. ಜಂಬವೇ ಸರಿ. ಅಷ್ಟೂ ಇಲ್ಲದಿದ್ದರೆ ಹೇಗೆ?

ಈ ಸಲದ ಡಬ್ಬಿಂಗ್ ನಿರ್ದೇಶಕ ಹೊಸಬ. ಕಂಪ್ಯೂಟರಿನಲ್ಲಿ ಸಾವಿರ ಬಗೆಯ ಹೆಜ್ಜೆ ಸದ್ದು ಸಿಗುವಾಗ ಇವಳೇಕೆ ಎಂಬುದು ಅವನ ಲೆಕ್ಕ. ಈ ಒಂದು ದೃಶ್ಯ ಹಿಡಿಸಿದರೆ ಇಡೀ ಚಿತ್ರ ಅವಳದು, ಇಲ್ಲವಾದರೆ ಇವತ್ತಿಗೇ ಮುಗಿಯಿತು ಎಂದು ಮೊದಲೇ ಹೇಳಿಬಿಟ್ಟಿದ್ದ.

ಕೋಣೆಯ ಬಾಗಿಲ ಬಳಿ ಅವಳ ಹೆಜ್ಜೆ ಚೂರು ತಡೆಯಿತು. ಸಿನಿಮಾದ ಆ ಮನೆಯಲ್ಲಿ ನೆಲ ಸಪಾಟು, ಹೊಸ್ತಿಲೇ ಇಲ್ಲ. ಹುಟ್ಟಿದಾಗಿನಿಂದ ಹೊಸ್ತಿಲು ದಾಟಿಯೇ ಅಭ್ಯಾಸವಾದ ಅವಳ ಕಾಲು, ಇಲ್ಲದ ಹೊಸ್ತಿಲನ್ನೂ ದಾಟಿತ್ತು. ಅವಳಿಗೆ ನಾಚಿಕೆಯಾಯಿತು.

ನಿರ್ದೇಶಕನಿಗೆ ಮಾತ್ರ ಖುಷಿಯೋ ಖುಷಿ. ಕೊಲೆಗಾರ ಒಂದು ಕ್ಷಣ ಅಳುಕಿದ ಹಾಗಿದೆ, ಜನ ಉಸಿರು ಬಿಗಿಹಿಡಿಯುತ್ತಾರೆ, ಇದೇ ಇರಲಿ ಎಂದ. ಅವಳು ಹೂಂ ಅಂದಿದ್ದರೆ ಸಿನಿಮಾ ಕೈಗೆ ಸಿಕ್ಕಂತೆಯೇ. ಗಾಜಿನಾಚೆ ಕೂತಿದ್ದ ಧ್ವನಿಮುದ್ರಕ ಸುಮ್ಮನಿರಕ್ಕ ಎಂಬಂತೆ ಕಣ್ಸನ್ನೆ ಮಾಡಿದ.

"ಬೇಡ ಸಾರ್. ಆ ಅಳುಕು ನನ್ನ ಕಾಲಿಂದು, ಅವನದಲ್ಲ," ಎಂದಳು. "ಹತ್ತು ವರ್ಷ ಆ ಮನೇಲಿ ಓಡಾಡಿದ ಅಳಿಯ ಅವನು. ಕೊಲ್ಲೋಕೆ ಹೋಗ್ತಿದೀನಿ ಅಂತ ಅವನ ಕಾಲಿಗೇ ಗೊತ್ತಿಲ್ಲ. ಭಯ ಇರೋದೇ ಅಲ್ಲಿ. ಇನ್ನೊಂದ್ಸಲ ನಡೀತೀನಿ."

ನಿರ್ದೇಶಕ ಮುಖ ಗಂಟಿಕ್ಕಿದ. ಒಂದೇ ಸಲ, ಅದಕ್ಕಿಂತ ಹೆಚ್ಚಿಲ್ಲ ಎಂದವನೇ ತನ್ನ ಕಾಗದಪತ್ರದತ್ತ ತಿರುಗಿಕೊಂಡ.

ಅವಳು ಲೋಟದ ತುಂಬ ನೀರು ತುಂಬಿ ಹಿಡಿದುಕೊಂಡಳು. ದೃಶ್ಯ ಅವಳಿಗೆ ಬಾಯಿಪಾಠ, ಹಜಾರದಿಂದ ಮಾವನ ಹಾಸಿಗೆಯವರೆಗೆ ಒಟ್ಟು ಹದಿನಾಲ್ಕು ಹೆಜ್ಜೆ. ಈ ಸಲ ಪರದೆಯತ್ತ ನೋಡಲಿಲ್ಲ, ಬಾಗಿಲನ್ನು ನೆನೆಯಲಿಲ್ಲ. ನೀರು ತುಳುಕದಂತೆ ಅದನ್ನೇ ನೋಡುತ್ತ ನಡೆದಳು. ಒಂದು ಹನಿಯೂ ಚೆಲ್ಲಲಿಲ್ಲ.

ಧ್ವನಿಮುದ್ರಕ ಅದನ್ನು ಹಾಕಿ ಕೇಳಿಸಿದ. ಹೆಜ್ಜೆಗಳು ಹಜಾರ ದಾಟಿ ಹತ್ತಿರ ಹತ್ತಿರ ಬಂದವು. ನಿರ್ದೇಶಕ ಇನ್ನೂ ಏನೋ ಬರೆಯುತ್ತಲೇ ಇದ್ದ.

"ಬಾಗಿಲು ತೆಗೆದೇ ಇದೆ, ಬನ್ನಿ," ಎಂದ, ತಲೆಯೆತ್ತದೆ.

ಯಾರೂ ಬರಲಿಲ್ಲ. ಅವನು ಕತ್ತೆತ್ತಿ ಬಾಗಿಲು ನೋಡಿದ, ಆಮೇಲೆ ಅವಳ ಬೂಟು ನೋಡಿದ. ಅವಳು ಗೋಡೆಗೊರಗಿ ನಿಂತು ಲೋಟದ ನೀರನ್ನು ನಿಧಾನವಾಗಿ ಕುಡಿಯುತ್ತಿದ್ದಳು.